ನೆರಳಿನಲ್ಲಿ ಬಾಳುವ ಗಿಡ, ಚಳಿಯಲ್ಲಿ ಕೆಂಪಾಗುವ ಹಣ್ಣು: ಹುಬ್ಬಳ್ಳಿ-ಧಾರವಾಡದ ಹಿತ್ತಲಿಗೆ ಕಾಫಿ

ಕಾಫಿ ಎಂಬ ಮಾತು ಕಿವಿಗೆ ಬಿದ್ದೊಡನೆ ಸಾಮಾನ್ಯ ಓದುಗರ ಮನಸ್ಸಿಗೆ ಬರುವುದು ಪಾನೀಯವೇ ಹೊರತು ಗಿಡವಲ್ಲ. ಅದರಲ್ಲೂ ಚಹಾ ಕುಡಿದೇ ಬೆಳಗು ಮಾಡಿಕೊಳ್ಳುವ ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಕಾಫಿ ಗಿಡವೆಂದರೆ ಚಿಕ್ಕಮಗಳೂರು, ಕೊಡಗುಗಳ ಎಸ್ಟೇಟುಗಳಿಗೆ ಸೇರಿದ ವಸ್ತು, ಪ್ರವಾಸ ಹೋದಾಗ ಬಸ್ಸಿನ ಕಿಟಕಿಯಿಂದ ಕಂಡು ಮರೆಯಾಗುವ ಹಸಿರು. ಸಸ್ಯಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಕಾಫಿಯು ಮೊದಲಿಗೆ ಒಂದು ಕಾಡಿನ ಪೊದೆ: ವರ್ಷದ ಯಾವ ಕಾಲದಲ್ಲೂ ಎಲೆಗಳನ್ನೆಲ್ಲ ಉದುರಿಸಿ ಬೋಳಾಗದೆ ಸದಾ ಹಸಿರಾಗಿರುವ, ಎತ್ತರದ ಮರಗಳ ಕೆಳಗೆ ಸೋಸಿ ಬರುವ ಬೆಳಕಿನಲ್ಲಿ ಬಾಳಲು ಹೊಂದಿಕೊಂಡಿರುವ, ಬೇಸಿಗೆಯಲ್ಲಿ ಮಲ್ಲಿಗೆಯಂತೆ ಹೂ ಬಿಟ್ಟು ಚಳಿಗಾಲದಲ್ಲಿ ಕೆಂಪು ಹಣ್ಣು ಹೊರುವ ಪೊದೆ. ಮನೆಯ ಗೋಡೆಗೋ ಮಾವಿನ ಮರಕ್ಕೋ ಬಿಸಿಲು ಮರೆಯಾಗಿ ದಾಸವಾಳ ಗುಲಾಬಿಗಳು ಸೊರಗುವ ಮೂಲೆಗೆ ಇಂಥ ಗಿಡ ಒಪ್ಪುತ್ತದೆ; ಅದರ ಸ್ವಭಾವವನ್ನು ತಿಳಿದು ನೆಟ್ಟರೆ ಅರೆಮಲೆನಾಡಿನ ಸೆರಗಿನಲ್ಲಿರುವ ಧಾರವಾಡದಲ್ಲಿಯೂ, ಸ್ವಲ್ಪ ಹೆಚ್ಚಿನ ಆರೈಕೆಯಿಂದ ಹುಬ್ಬಳ್ಳಿಯಲ್ಲಿಯೂ ಅದನ್ನು ಬೆಳೆಸಬಹುದು.

ಹಿಮ ಬೀಳುವ ದೇಶಗಳಲ್ಲಿ ಹಾಲಿ, ಆಕುಬಾ, ಸ್ಕಿಮಿಯಾ ಮುಂತಾದ ಪೊದೆಗಳನ್ನು ಮನೆಯ ನೆರಳಿನ ಬದಿಯಲ್ಲಿ ಬೆಳೆಸುವ ರೂಢಿಯುಂಟು. ಉಳಿದ ಗಿಡಗಳು ಬರಿದಾದ ಚಳಿಗಾಲದಲ್ಲಿ ಅವುಗಳ ಕೆಂಪು ಹಣ್ಣುಗಳೇ ತೋಟಕ್ಕೆ ಬಣ್ಣ ಕೊಡುತ್ತವೆ. ಈ ಪೊದೆಗಳಲ್ಲಿ ಸಾಮಾನ್ಯವಾಗಿ ಗಂಡು ಹೂವಿನ ಗಿಡ ಬೇರೆ, ಹೆಣ್ಣು ಹೂವಿನ ಗಿಡ ಬೇರೆ ಇರುವುದರಿಂದ ಎರಡನ್ನೂ ನೆಡದೆ ಹಣ್ಣು ಸಿಗದು. ನಮ್ಮ ನಾಡಿನ ಹವೆಯಲ್ಲಿ ಆ ಸ್ಥಾನಕ್ಕೆ ಸಲ್ಲುವ ಅರೇಬಿಕಾ ಕಾಫಿಗೆ ಈ ತೊಡಕಿಲ್ಲ, ಏಕೆಂದರೆ ಅದರ ಒಂದೇ ಹೂವಿನ ಪರಾಗ ಅದೇ ಹೂವಿಗೆ ತಾಗಿದರೂ ಕಾಯಿ ಕಟ್ಟುತ್ತದೆ. ಕಾಫಿಯ ಇನ್ನೊಂದು ಮುಖ್ಯ ಜಾತಿಯಾದ ರೊಬಸ್ಟಾ ಹಾಗಲ್ಲ. ಬೇರೆ ಗಿಡದ ಪರಾಗ ಬಂದು ಸೇರದೆ ಅದು ಫಲ ಕೊಡುವುದಿಲ್ಲ. ಹಿತ್ತಲಲ್ಲಿ ಒಂದೇ ಗಿಡಕ್ಕೆ ಜಾಗವಿರುವವರು ಅರೇಬಿಕಾವನ್ನು ಆರಿಸಿಕೊಳ್ಳಬೇಕಾದುದು ಮುಖ್ಯವಾಗಿ ಈ ಕಾರಣದಿಂದ.

ಕಾಫಿಯು ರೂಬಿಯೇಸಿ ಎಂಬ ಸಸ್ಯಕುಟುಂಬಕ್ಕೆ ಸೇರಿದ್ದು, ಕೇಪಳ, ಮಂಜಿಷ್ಠ, ಧಾರವಾಡದ ಸುತ್ತಣ ಕುರುಚಲು ಕಾಡಿನಲ್ಲಿ ಸಿಗುವ ಬಿಕ್ಕೆ, ಮಲೇರಿಯಾಕ್ಕೆ ಔಷಧ ಕೊಟ್ಟ ಸಿಂಕೋನಾ ಇವೆಲ್ಲ ಅದರ ಬಳಗದವು. ಅರೇಬಿಕಾ ಎಂಬ ಹೆಸರನ್ನು 1753ರಲ್ಲಿ ಲಿನೇಯಸ್ ಕೊಟ್ಟನಾದರೂ ಆ ಗಿಡದ ತವರು ಅರಬ್ಬರ ನಾಡಲ್ಲ, ಇಥಿಯೋಪಿಯದ ನೈಋತ್ಯ ಭಾಗದ ಎತ್ತರದ ಕಾಡು. ಅಲ್ಲಿ ಅದು ಇಂದಿಗೂ ದೊಡ್ಡ ಮರಗಳ ಅಡಿಯ ಎರಡನೆಯ ಅಂತಸ್ತಿನ ಗಿಡವಾಗಿ ತಾನೇ ತಾನಾಗಿ ಬೆಳೆಯುತ್ತದೆ. ಅಲ್ಲಿಂದ ಯೆಮನ್‌ಗೆ ಹೋಗಿ ಕೃಷಿಯ ಬೆಳೆಯಾದ ಕಾಫಿಯ ಏಳು ಬೀಜಗಳನ್ನು 17ನೇ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಮೆಕ್ಕಾ ಯಾತ್ರೆಯಿಂದ ಮರಳುವಾಗ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಊರಿದರೆಂಬುದು ಕರ್ನಾಟಕದಲ್ಲಿ ಮನೆಮಾತಾಗಿರುವ ಪ್ರತೀತಿ. ಇಂದು ಭಾರತದ ಒಟ್ಟು ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದಲ್ಲಿಯೇ ಬೆಳೆಯುತ್ತದೆ.

ಈ ಗಿಡಕ್ಕೆ ನೆರಳು ಏಕೆ ಬೇಕೆಂಬುದನ್ನು ಅದರ ಎಲೆಯೇ ಹೇಳುತ್ತದೆ. ಕಾಫಿ ಎಲೆ ಅಗಲವಾಗಿ, ಗಾಢ ಹಸಿರಾಗಿ, ಮೇಣ ಸವರಿದಂತೆ ಮಿರುಗುತ್ತಿದ್ದು, ಅಂಚು ಅಲೆಯಲೆಯಾಗಿರುತ್ತದೆ; ಎಲೆಯನ್ನು ಮಗುಚಿ ನೋಡಿದರೆ ನಡುನರದಿಂದ ಪಕ್ಕದ ನರಗಳು ಕವಲೊಡೆಯುವ ಸಂದಿಗಳಲ್ಲಿ ಸೂಜಿಯಿಂದ ಚುಚ್ಚಿದಂಥ ಪುಟ್ಟ ಗುಳಿಗಳು ಸಾಲಾಗಿ ಕಾಣುತ್ತವೆ. ಇಂಥ ಎಲೆ ಕಡಿಮೆ ಬೆಳಕಿನಲ್ಲಿಯೇ ತನ್ನ ಆಹಾರ ತಯಾರಿಕೆಯ, ಅಂದರೆ ದ್ಯುತಿಸಂಶ್ಲೇಷಣೆಯ, ಮೇಲ್ಮಿತಿಯನ್ನು ಮುಟ್ಟಿಬಿಡುತ್ತದೆ. ಅದಕ್ಕಿಂತ ಹೆಚ್ಚಿನ ಬಿಸಿಲು ಎಲೆಯನ್ನು ಕಾಯಿಸುತ್ತದೆಯೇ ಹೊರತು ಬೆಳೆಸುವುದಿಲ್ಲ. ಹಾಗೆಂದು ಬಿಸಿಲಿಗೆ ಇಟ್ಟ ಕಾಫಿ ಹೂ ಬಿಡುವುದಿಲ್ಲವೆಂದಲ್ಲ. ಅದು ಅತಿಯಾಗಿ ಹೂ ಬಿಟ್ಟು, ಎಲೆಗಳು ಸಾಕಲಾರದಷ್ಟು ಕಾಯಿ ಕಟ್ಟಿ, ಕೊಂಬೆಗಳ ಸತ್ವವನ್ನೆಲ್ಲ ಕಾಯಿಗೆ ಸುರಿದು, ಕೊನೆಗೆ ತುದಿಯಿಂದ ಒಣಗುತ್ತ ಬರುತ್ತದೆ. ಈ ತುದಿಒಣಗುವಿಕೆಗೆ ರೋಗಾಣುವಿಗಿಂತ ಗಿಡದ ದಣಿವೇ ಹೆಚ್ಚು ಕಾರಣ. ನೆರಳು ಕಾಫಿ ಗಿಡಕ್ಕೆ ಕೊಡುವುದು ಮಿತಿಯನ್ನು. ವರ್ಷ ವರ್ಷವೂ ತಾಳಿಕೆ ಬರುವಷ್ಟೇ ಫಲ ಹೊರುವಂತೆ ಅದು ಗಿಡವನ್ನು ಹದದಲ್ಲಿಡುತ್ತದೆ.

ಕರ್ನಾಟಕದ ಕಾಫಿ ಬೆಳೆಗಾರರು ಈ ಪಾಠವನ್ನು ಕಲಿತದ್ದು ನಷ್ಟದಿಂದ. 19ನೇ ಶತಮಾನದಲ್ಲಿ ಮೈಸೂರು, ಕೊಡಗು, ವಯನಾಡುಗಳಲ್ಲಿ ಕಾಡನ್ನು ಬಯಲಾಗಿ ಕಡಿದು ಕಾಫಿ ಹಾಕಿದ ತೋಟಗಳನ್ನು 1860ರ ದಶಕದಲ್ಲಿ ಕಾಂಡಕೊರಕ ಹುಳು ಹಾಳುಗೆಡವಿದಾಗ, ಮದ್ರಾಸ್ ಸರ್ಕಾರದ ಪರವಾಗಿ ಅದರ ಕಾರಣವನ್ನು ಪರಿಶೀಲಿಸಿದ ವೈದ್ಯ ಜಾರ್ಜ್ ಬಿಡೀ ನೆರಳಿನ ಮರಗಳ ಅಗತ್ಯವನ್ನು ಎತ್ತಿ ಹೇಳಿದರು. ಬಿಳಿ ಕಾಂಡಕೊರಕವೆಂದು ಕರೆಯುವ ಈ ದುಂಬಿ ಬಿಸಿಲು ಬಿದ್ದು ಬೆಚ್ಚಗಾದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವುದರಿಂದ, ಕಾಂಡಕ್ಕೆ ಬಿಸಿಲು ತಾಗದಂತೆ ನೋಡಿಕೊಳ್ಳುವುದೇ ಅದಕ್ಕೆ ಇಂದಿಗೂ ಮೊದಲ ಮದ್ದು. ಮಲೆನಾಡಿನ ತೋಟಗಳಲ್ಲಿ ನೆರಳು ಎರಡು ಅಂತಸ್ತಿನದು: ಕೆಳಗೆ ಬೇಗ ಬೆಳೆದು ಬೇಗ ಚಿಗುರುವ ಹಾಲುವಾಣ, ಮೇಲೆ ಅತ್ತಿ, ಹಲಸು, ನೇರಳೆ, ಬೀಟೆಯಂಥ ಕಾಡುಮರಗಳು ಇಲ್ಲವೇ ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್, ಅವುಗಳ ಬೊಡ್ಡೆಗೆ ಹಬ್ಬಿದ ಮೆಣಸಿನ ಬಳ್ಳಿ. ಮಳೆಗಾಲ ಹತ್ತಿರವಾದಂತೆ ಮರವೇರಿ ಕೊಂಬೆ ಸವರಿ ಕೆಳಗಿನ ಗಿಡಕ್ಕೆ ಬೆಳಕು ಬಿಡಿಸುವ ಕೆಲಸಕ್ಕೆ ಅಲ್ಲಿ ‘ಮರಗಸಿ’ ಎಂದೇ ಹೆಸರು. ಬಿರುಬೇಸಿಗೆಯಲ್ಲಿ ನೆರಳು ದಟ್ಟವಾಗಿಯೂ ಮೋಡ ಕವಿದ ಮಳೆಗಾಲದಲ್ಲಿ ವಿರಳವಾಗಿಯೂ ಇರುವಂತೆ ಮರವನ್ನು ತಿದ್ದುವ ಈ ವಿದ್ಯೆಯೇ ಕಾಫಿ ಕೃಷಿಯ ಅರ್ಧ ಭಾಗ ಎಂದರೆ ಹೆಚ್ಚಾಗದು.

ನೆರಳಿನಷ್ಟೇ ಈ ಗಿಡದ ಇತಿಹಾಸವನ್ನು ತಿರುಗಿಸಿದ್ದು ಎಲೆತುಕ್ಕು ಎಂಬ ಶಿಲೀಂಧ್ರ ರೋಗ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಈ ರೋಗ ಸುಮಾರು ಎರಡು ದಶಕಗಳಲ್ಲಿ ಅಲ್ಲಿನ ಕಾಫಿಯನ್ನು ಅಳಿಸಿಹಾಕಿ ಆ ದ್ವೀಪವನ್ನು ಚಹಾದ ನಾಡನ್ನಾಗಿ ಮಾಡಿತು. ಕರ್ನಾಟಕದಲ್ಲಿ ಕಾಫಿ ಉಳಿದುಕೊಂಡುದಕ್ಕೆ ತಳಿ ಸಂಶೋಧನೆಯ ನೆರವು ದೊಡ್ಡದು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಆಸಕ್ತಿಯಿಂದ 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. 1940ರ ದಶಕದಲ್ಲಿ ಅದು ಹೊರತಂದ ಎಸ್. 795 ಎಂಬ ಅರೇಬಿಕಾ ತಳಿ ಇಂದಿಗೂ ಮಲೆನಾಡಿನ ತೋಟಗಳಲ್ಲಿ ನಿಂತಿದೆ. ಅದೇ ಸಂಸ್ಥೆಯ ‘ಚಂದ್ರಗಿರಿ’ ಗಿಡ್ಡ ತಳಿಯಾದ್ದರಿಂದ ಹಿತ್ತಲಿಗೂ ಕುಂಡಕ್ಕೂ ಹೆಚ್ಚು ಅನುಕೂಲ.

ಹುಬ್ಬಳ್ಳಿ-ಧಾರವಾಡದ ನೆಲ ಹವೆಗಳು ಇಂಥ ಗಿಡಕ್ಕೆ ಎಷ್ಟು ಒಗ್ಗುತ್ತವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ನೋಡಬೇಕು. ಅರೇಬಿಕಾಕ್ಕೆ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಹೆಚ್ಚಿನ ಎತ್ತರ, 15ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 1,600 ಮಿ.ಮೀ.ಗಿಂತ ಹೆಚ್ಚಿನ ಮಳೆ ಹಿತವೆನ್ನುತ್ತಾರೆ. ಅವಳಿನಗರದ ಎತ್ತರ ಸುಮಾರು 650ರಿಂದ 750 ಮೀಟರ್, ಮಳೆ ಅದರ ಅರ್ಧದಷ್ಟು, ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲು 37 ಡಿಗ್ರಿಯ ಆಸುಪಾಸು. ಆದ್ದರಿಂದ ಇಲ್ಲಿ ಕಾಫಿ ತೋಟ ಮಾಡಿ ಲಾಭ ಎಣಿಸುವ ಮಾತು ನಿಲ್ಲದು. ಪಶ್ಚಿಮಕ್ಕೆ ಯಲ್ಲಾಪುರ, ಶಿರಸಿ, ಸಿದ್ದಾಪುರಗಳ ಅಡಿಕೆ ತೋಟಗಳಲ್ಲಿ ಕಾಫಿಯನ್ನು ನಡುವಣ ಬೆಳೆಯಾಗಿ ಹಾಕುವ ರೂಢಿಯಿದ್ದು, ಅಡಿಕೆ ಮರದ ನೆರಳು ಮತ್ತು ಬೇಸಿಗೆಯ ನೀರು ಅಲ್ಲಿ ಅದನ್ನು ಸಲಹುತ್ತವೆ. ಅವಳಿನಗರದಲ್ಲಿ ಆ ನೆರಳನ್ನೂ ತೇವವನ್ನೂ ಒಂದೆರಡು ಗಿಡಗಳ ಮಟ್ಟಿಗೆ ಮನೆಯವರೇ ಒದಗಿಸಬೇಕು. ಇಲ್ಲಿನ ಚಳಿಯಂತೂ ಕಾಫಿಗೆ ಯಾವ ಕೇಡನ್ನೂ ಮಾಡದು. ಕಾಫಿ ಹೆದರುವುದು ಮಂಜುಗಡ್ಡೆಗಟ್ಟುವ ಚಳಿಗೆ ಮಾತ್ರ.

ನೆಲದ ವಿಷಯದಲ್ಲಿ ಅವಳಿನಗರದ ಎರಡು ಮಗ್ಗುಲುಗಳು ಒಂದೇ ತೆರನಲ್ಲ. ಧಾರವಾಡದ ಪಶ್ಚಿಮಕ್ಕೆ, ಆಪೂಸ್ ಮಾವಿನ ತೋಪುಗಳಿರುವ ಕೆಲಗೇರಿಯ ದಿಕ್ಕಿಗೆ, ಕೆಂಪು ಮಸಾರಿ ಮಣ್ಣಿದ್ದು ಅದು ನೀರನ್ನು ಇಂಗಿಸಿಕೊಳ್ಳುತ್ತದೆ, ಕಾಫಿಗೂ ಹಿಡಿಸುತ್ತದೆ. ಹುಬ್ಬಳ್ಳಿಯಿಂದ ಮೂಡಣಕ್ಕೆ ಹಬ್ಬಿರುವ ಎರೆಮಣ್ಣು ಹತ್ತಿಗೂ ಜೋಳಕ್ಕೂ ಕಡಲೆಗೂ ತಾಯಿಯಾದರೂ ಕಾಫಿಗೆ ಒಗ್ಗದು: ಮಳೆಗಾಲದಲ್ಲಿ ನೀರು ಹಿಡಿದು ಬೇರನ್ನು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿಯುತ್ತದೆ, ಜೊತೆಗೆ ಅದರ ಗುಣ ಕ್ಷಾರೀಯ. ಕಾಫಿಗೆ ಬೇಕಾದುದು ತುಸು ಹುಳಿಗುಣದ, ಅಂದರೆ ರಸಸಾರ 6ರಿಂದ 6.5ರ ಆಸುಪಾಸಿನಲ್ಲಿರುವ ಮಣ್ಣು; ರಸಸಾರವೆಂದರೆ ಮಣ್ಣಿನ ಹುಳಿ-ಕ್ಷಾರಗಳ ಅಳತೆ, 7 ಅದರ ನಡುಗೆರೆ. ಕ್ಷಾರ ಹೆಚ್ಚಾದಲ್ಲಿ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ಎಟುಕುವುದಿಲ್ಲ, ಎಳೆಯ ಎಲೆಗಳಲ್ಲಿ ನರ ಮಾತ್ರ ಹಸಿರಾಗುಳಿದು ಉಳಿದ ಭಾಗ ಹಳದಿಗೆ ತಿರುಗುತ್ತದೆ. ಕೊಳವೆಬಾವಿಯ ಗಡಸುನೀರನ್ನು ವರ್ಷಗಟ್ಟಲೆ ಹಾಕಿದರೂ ಇದೇ ತೊಂದರೆ. ಆದಕಾರಣ ಹುಬ್ಬಳ್ಳಿಯ ಮನೆಗಳಲ್ಲಿ ದೊಡ್ಡ ಕುಂಡದಲ್ಲಿ, ಇಲ್ಲವೇ ಆಳವಾದ ಗುಂಡಿಯ ಎರೆಮಣ್ಣನ್ನು ತೆಗೆದು ಕೆಮ್ಮಣ್ಣು ತುಂಬಿ ಬೆಳೆಸುವುದು ಲೇಸು. ಮಾಳಿಗೆಯ ಮಳೆನೀರನ್ನು ಹಿಡಿದಿಟ್ಟುಕೊಂಡವರು ಅದನ್ನೇ ಕಾಫಿಗೆ ಮೀಸಲಿಡಬೇಕು.

ಜಾಗ ಆರಿಸುವಾಗ ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನದ ನಂತರ ನೆರಳಾಗುವ ಮನೆಯ ಮೂಡಣ ಅಥವಾ ಬಡಗಣ ಮಗ್ಗುಲೇ ಒಳ್ಳೆಯದು. ಪಡುವಣ ಗೋಡೆಯ ಬಳಿ ಗಿಡವಷ್ಟೇ ಅಲ್ಲ, ಗೋಡೆಯೂ ಕಾದು ಇರುಳೆಲ್ಲ ಬಿಸಿ ಉಗುಳುತ್ತದೆ. ದೊಡ್ಡ ಮಾವಿನ ಮರದ ಅಡಿಯಾದರೆ ಬೊಡ್ಡೆಗೆ ತಾಗಿ ನೆಡಬಾರದು. ಅಲ್ಲಿ ನೆರಳು ಗವಿಯಂತೆ ಕವಿದಿರುವುದಲ್ಲದೆ ಮಾವಿನ ಬೇರು ಕಾಫಿಗೆ ಹನಿ ನೀರನ್ನೂ ಉಳಿಸದು. ಮರದ ಹಂದರದ ಅಂಚಿಗೆ, ಎಲೆಗಳ ನಡುವಿಂದ ಬೆಳಕು ಚುಕ್ಕೆಚುಕ್ಕೆಯಾಗಿ ನೆಲಕ್ಕೆ ಬೀಳುವೆಡೆ ನೆಟ್ಟರೆ ಅದೇ ಕಾಫಿಯ ಕಾಡು. ಚಳಿಗಾಲದಲ್ಲಿ ಬೀಸುವ ಒಣ ಮೂಡಗಾಳಿ ಎಲೆಯ ತೇವ ಹೀರುವುದರಿಂದ ಆ ದಿಕ್ಕಿಗೆ ಬೇಲಿಯೋ ಬೇರೆ ಗಿಡಗಳ ಸಾಲೋ ಇರುವುದು ಅಗತ್ಯ.

ಬೀಜದಿಂದ ಸಸಿ ಮಾಡುವ ಕೆಲಸ ತಾಳ್ಮೆಯದು, ಆದರೆ ನೋಡಲು ಬಲು ಸೊಗಸಾದದ್ದು. ಗಿಡದಲ್ಲಿಯೇ ಚೆನ್ನಾಗಿ ಮಾಗಿದ ಹಣ್ಣನ್ನು ಹಿಚುಕಿ ಬೀಜ ತೆಗೆದು, ಬೂದಿಯಲ್ಲಿ ಉಜ್ಜಿ ಲೋಳೆ ಕಳೆದು, ನೆರಳಿನಲ್ಲಿ ಆರಿಸಿ, ಡಿಸೆಂಬರ್-ಜನವರಿಯಲ್ಲಿ ಮರಳು ಬೆರೆಸಿದ ಮಡಿಯಲ್ಲಿ ಚಪ್ಪಟೆ ಮಗ್ಗುಲು ಕೆಳಗಾಗುವಂತೆ ಇಟ್ಟು, ತೆಳುವಾಗಿ ಮಣ್ಣೆಳೆದು ಒಣಹುಲ್ಲು ಹೊದಿಸಬೇಕು. ಸುಮಾರು ಒಂದೂವರೆ ತಿಂಗಳಿಗೆ ಮೊಳಕೆಯ ದಂಟು ಬೀಜವನ್ನು ತಲೆಯ ಮೇಲೆ ಹೊತ್ತುಕೊಂಡೇ ಮೇಲೇಳುತ್ತದೆ. ಇದನ್ನು ತೋಟದವರು ‘ಟೋಪಿ’ ಹಂತ ಎನ್ನುತ್ತಾರೆ. ಕೆಲವು ದಿನ ಹಾಗೆಯೇ ನಿಂತ ಟೋಪಿ ಒಂದು ದಿನ ಬಿರಿದು, ಒಳಗೆ ಮಡಿಚಿಕೊಂಡಿದ್ದ ಎರಡು ದುಂಡನೆಯ ಎಲೆಗಳು ಚಿಟ್ಟೆಯ ರೆಕ್ಕೆಯಂತೆ ನೆರಿಗೆ ಬಿಡಿಸಿಕೊಳ್ಳುತ್ತವೆ. ಕುಡಿಯುವ ಕಾಫಿಯ ಪುಡಿಯಾಗಬೇಕಿದ್ದ ಬೀಜದೊಳಗಿನ ಸತ್ವವೆಲ್ಲ ಅಷ್ಟರಲ್ಲಿ ಆ ಎಲೆಗಳ ಪಾಲಾಗಿರುತ್ತದೆ. ಈ ಹಂತದ ಸಸಿಯನ್ನು ಕಾಡುಮಣ್ಣು ಆರು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಎರಡು ಪಾಲು, ಮರಳು ಒಂದು ಪಾಲು ಸೇರಿಸಿದ ಚೀಲಕ್ಕೆ, ತಾಯಿಬೇರು ಡೊಂಕಾಗದಂತೆ, ವರ್ಗಾಯಿಸಬೇಕು. ಬುಡದಲ್ಲಿ ಡೊಂಕಾದ ಬೇರಿನ ಗಿಡ ಎಷ್ಟು ಸಾಕಿದರೂ ಏಳಿಗೆಯಾಗದು.

ಮುಂಗಾರು ಹಿಡಿದ ಮೇಲೆ ಒಂದೂವರೆ ಅಡಿ ಉದ್ದಗಲ ಆಳದ ಗುಂಡಿಯಲ್ಲಿ, ಇಲ್ಲವೇ ಅಷ್ಟೇ ದೊಡ್ಡ ಕುಂಡದಲ್ಲಿ ನೆಟ್ಟು, ಬುಡದ ಸುತ್ತ ತರಗೆಲೆಯನ್ನು ಗೇಣೆತ್ತರ ಹೊದಿಸಬೇಕು. ಕಾಂಡಕ್ಕೆ ಮಾತ್ರ ತಾಗಿಸಬಾರದು. ಕಾಫಿಯ ಆಹಾರ ಹೀರುವ ಬೇರುಗಳು ನೆಲದ ಮೇಲ್ಪದರದಲ್ಲಿಯೇ ಹರಡಿರುವುದರಿಂದ ಬುಡ ಅಗೆಯುವುದು ಉಪಕಾರಕ್ಕಿಂತ ಅಪಕಾರವೇ. ಮೊದಲ ಎರಡು ಬೇಸಿಗೆಗಳಲ್ಲಿ ಮೇಲೆ ಹಸಿರು ನೆರಳುಬಲೆ ಕಟ್ಟುವುದು, ಎರಡು-ಮೂರು ದಿನಕ್ಕೊಮ್ಮೆ ಸಂಜೆ ನೀರುಣಿಸುವುದು ಬೇಕೇ ಬೇಕು. ಗೊಬ್ಬರಕ್ಕೆ ಕೊಟ್ಟಿಗೆ ಗೊಬ್ಬರ, ಎರೆಹುಳು ಗೊಬ್ಬರ, ಬೇವಿನ ಹಿಂಡಿ ಸಾಕು. ಒಲೆಯ ಬೂದಿಯನ್ನು ಬುಡಕ್ಕೆ ಸುರಿದರೆ ಕ್ಷಾರ ಹೆಚ್ಚುತ್ತದೆ.

ಕಾಫಿ ಗಿಡವನ್ನು ಸವರುವವರು ಅದರ ಮೈಕಟ್ಟಿನ ಒಂದು ವಿಶೇಷವನ್ನು ಅರಿತಿರಬೇಕು. ಇದಕ್ಕೆ ಎರಡು ಬಗೆಯ ಕೊಂಬೆಗಳಿವೆ: ನೆಟ್ಟಗೆ ಮೇಲಕ್ಕೇರುವ ಕಾಂಡ ಒಂದು, ಅದರಿಂದ ಎದುರುಬದುರಾಗಿ ಅಡ್ಡಕ್ಕೆ ಚಾಚಿ ಹೂ ಕಾಯಿ ಹೊರುವ ‘ರೆಕ್ಕೆ’ಗಳು ಇನ್ನೊಂದು. ರೆಕ್ಕೆಯ ತುಂಡನ್ನು ನೆಟ್ಟು ಬೇರು ಬರಿಸಿದರೂ ಅದು ನೆಲದುದ್ದಕ್ಕೆ ಚಾಚುತ್ತದೆಯೇ ಹೊರತು ತಲೆಯೆತ್ತಿ ಗಿಡವಾಗದು. ಕಾಂಡದ ಗೆಣ್ಣಿನಲ್ಲಿ ಒಮ್ಮೆ ಮುರಿದ ರೆಕ್ಕೆಯ ಜಾಗಕ್ಕೆ ಇನ್ನೊಂದು ರೆಕ್ಕೆ ಹುಟ್ಟದು. ಆದ್ದರಿಂದ ತೋಟದವರು ‘ಕಪಾತು’ ಎಂದು ಕರೆಯುವ ಸವರುವಿಕೆಯಲ್ಲಿ ಕೈ ಬಿಗಿಯಾಗಿರಬೇಕು. ಗಿಡ ಎರಡೂವರೆ ಅಡಿಯಾದಾಗ ತುದಿ ಚಿವುಟಿದರೆ ರೆಕ್ಕೆಗಳು ಬಲಿಯುತ್ತವೆ, ಮುಂದೆ ಐದಡಿಗೆ ಇನ್ನೊಮ್ಮೆ ಚಿವುಟಿ ಎತ್ತರ ನಿಲ್ಲಿಸಬಹುದು. ಕಾಂಡದಿಂದ ನೆಟ್ಟಗೆ ಹೊರಡುವ ಕಂಬಚಿಗುರುಗಳನ್ನು ಎಳೆಯದರಲ್ಲಿಯೇ ಮುರಿದು, ಕೊಯ್ಲಾದ ಮೇಲೆ ಒಣಗಿದ, ಒಳಮುಖವಾಗಿ ಹೆಣೆದುಕೊಂಡ ಕಡ್ಡಿಗಳನ್ನಷ್ಟೇ ತೆಗೆಯಬೇಕು.

ಹೂವಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಚಳಿಗಾಲದ ಕೊನೆಗೆ ರೆಕ್ಕೆಗಳ ಗೆಣ್ಣುಗೆಣ್ಣಿನಲ್ಲಿ ಮೂಡಿದ ಮೊಗ್ಗುಗಳು ಹಸಿರು ಕಡ್ಡಿಗಳಂತೆ ಬೆಳೆದು ನಿಂತು, ಒಣಹವೆಯಲ್ಲಿ ನಿದ್ದೆ ಹೋಗುತ್ತವೆ. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಎಚ್ಚೆತ್ತು, ಹತ್ತು ದಿನಗಳ ಅಂತರದಲ್ಲಿ ಒಟ್ಟಿಗೆ ಅರಳುತ್ತವೆ. ಮಲೆನಾಡು ಈ ಮಳೆಯನ್ನು ‘ಹೂಮಳೆ’ ಎಂದು ಕರೆದು ಮುಗಿಲು ನೋಡುತ್ತ ಕಾಯುತ್ತದೆ. ಆ ಹೊತ್ತಿಗೆ ಧಾರವಾಡದಲ್ಲಿ ಅಡ್ಡಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಆದರೆ ಹಿತ್ತಲ ಗಿಡಕ್ಕೆ ಹೂಮಳೆಯನ್ನು ಕೈಯಾರೆ ಸುರಿಸಬಹುದು. ಕೊಯ್ಲಿನ ನಂತರ ಫೆಬ್ರವರಿಯಲ್ಲಿ ಎಲೆ ತುಸು ಜೋಲುವಷ್ಟು ನೀರು ಕಡಿಮೆ ಮಾಡಿ, ಮಾರ್ಚ್ ನಡುವೆ ಒಂದು ಸಂಜೆ ಗಿಡದ ಮೈಯೆಲ್ಲ ತೊಯ್ದು ಬುಡ ತಣಿಯುವಂತೆ ನೀರು ಹೊಯ್ದರೆ ಮೊಗ್ಗು ಕದಲುತ್ತದೆ. ಎರಡು-ಮೂರು ದಿನವಷ್ಟೇ ಬಾಳುವ ಆ ಬಿಳಿ ಹೂಗಳ ಕಂಪು ಅಂಗಳ ತುಂಬುತ್ತದೆ, ಜೇನುಹುಳುಗಳು ಬೆಳಗಿನಿಂದಲೇ ಮುತ್ತುತ್ತವೆ. ಅದಾದ ಮೇಲೆ ಕಾಯಿ ನಿಲ್ಲಬೇಕಾದರೆ ನೀರು ತಪ್ಪಕೂಡದು.

ಅರೇಬಿಕಾ ಕಾಯಿ ಮಾಗಲು ಎಂಟು-ಒಂಬತ್ತು ತಿಂಗಳು ಹಿಡಿಯುತ್ತದೆ. ಮಳೆಗಾಲವೆಲ್ಲ ಹಸಿರಾಗಿಯೇ ಇದ್ದ ಕಾಯಿಗಳು ದೀಪಾವಳಿ ಕಳೆಯುತ್ತಿದ್ದಂತೆ ಹಳದಿಗೂ ಕೆಂಪಿಗೂ ತಿರುಗಿ, ಸಂಕ್ರಾಂತಿಯವರೆಗೆ ಸರದಿಯ ಮೇಲೆ ಹಣ್ಣಾಗುತ್ತವೆ. ಮೊದಲ ಫಲಕ್ಕೆ ಗಿಡಕ್ಕೆ ಮೂರು-ನಾಲ್ಕು ವರ್ಷವಾಗಿರಬೇಕು, ಆ ವರ್ಷ ಅರ್ಧ ಕಾಯಿ ಕಿತ್ತು ಗಿಡದ ಹೊರೆ ಇಳಿಸುವುದು ಅದರ ಆಯುಷ್ಯಕ್ಕೆ ಒಳ್ಳೆಯದು. ಹಣ್ಣಿನ ಸಿಪ್ಪೆಯೊಳಗೆ ಸಿಹಿಯಾದ ತೆಳು ಲೋಳೆ, ಅದರೊಳಗೆ ಚಪ್ಪಟೆ ಮುಖ ಎದುರುಬದುರಾಗಿ ಕೂತ ಎರಡು ಬೀಜ. ಎಲ್ಲೋ ಒಂದು ಹಣ್ಣಿನಲ್ಲಿ ಒಂಟಿಯಾಗಿ ಬೆಳೆದ ದುಂಡು ಬೀಜಕ್ಕೆ ಪೀಬೆರಿ ಎಂದು ಹೆಸರು. ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ ದೊರೆಯುವುದರಿಂದ ಒಂದು ಗಿಡ ಮನೆಯವರ ಕಾಫಿಯ ಖರ್ಚನ್ನು ಇಳಿಸದು. ಅದನ್ನು ಅದರ ಎಲೆಯ ಹೊಳಪಿಗಾಗಿ, ಹೂವಿಗಾಗಿ, ಡಿಸೆಂಬರ್‌ನ ಆ ಕೆಂಪಿಗಾಗಿ ಬೆಳೆಸಬೇಕು.

ಪೀಡೆಗಳಲ್ಲಿ ಎಲೆತುಕ್ಕು ಮುಖ್ಯವಾದುದು. ಮಳೆಗಾಲದಲ್ಲಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅಂಥ ಎಲೆಗಳನ್ನು ಕಿತ್ತು ಸುಡಬೇಕು; ಮಳೆಗಾಲಕ್ಕೆ ಮುಂಚೆ ಮತ್ತು ನಂತರ, ಲೀಟರಿಗೆ 5 ಗ್ರಾಂ ಮೈಲುತುತ್ತು ಹಾಗೂ 5 ಗ್ರಾಂ ಸುಣ್ಣವನ್ನು ಬೇರೆ ಬೇರೆಯಾಗಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಕೂಡಿಸಿದ ಬೋರ್ಡೋ ದ್ರಾವಣವನ್ನು ಎಲೆಯಡಿಗೆ ತಾಗುವಂತೆ ಸಿಂಪಡಿಸಬೇಕು. ಹಿಟ್ಟುತಿಗಣೆ ಬಂದಲ್ಲಿ ಇರುವೆಯ ಸಾಲೂ ಇರುತ್ತದೆ. ಇರುವೆಯನ್ನು ತಡೆದು ಬೇವಿನೆಣ್ಣೆ-ಸಾಬೂನಿನ ನೀರು ಹೊಡೆದರೆ ಅದು ಹತೋಟಿಗೆ ಬರುತ್ತದೆ.

ಬೀಜಕ್ಕಾಗಿ ಅಂಗಡಿಗೆ ಹೋಗುವುದು ವ್ಯರ್ಥ. ಹುರಿದ ಬೀಜ ಮೊಳೆಯುವ ಮಾತೇ ಇಲ್ಲ, ಒಣಗಿಸಿ ದಾಸ್ತಾನಿಟ್ಟ ಹಸಿರು ಬೀಜದ ಜೀವವೂ ಕೆಲವು ತಿಂಗಳಲ್ಲಿ ಕುಂದುತ್ತದೆ. ಡಿಸೆಂಬರ್‌ನಲ್ಲಿ ಶಿರಸಿ-ಸಿದ್ದಾಪುರದ ಕಡೆಗೋ ಚಿಕ್ಕಮಗಳೂರಿಗೋ ಹೋಗುವವರು ತೋಟದವರನ್ನು ಕೇಳಿ, ತೂತು ಬೀಳದ, ಪೂರ್ತಿ ಕೆಂಪಾದ ಒಂದು ಬೊಗಸೆ ಅರೇಬಿಕಾ ಹಣ್ಣು ತಂದು ಅದೇ ತಿಂಗಳು ಮಡಿಗೆ ಹಾಕಿದರೆ, ಮಹಾಶಿವರಾತ್ರಿಯ ಹೊತ್ತಿಗೆ ಟೋಪಿ ಹೊತ್ತ ಸಸಿಗಳು ಎದ್ದಿರುತ್ತವೆ.